ಟೆಕ್ಸಾಸ್‌ನಲ್ಲಿ ಮನೆ: ಸಿಟಿ ಒಳಗೋ, ಬರೀ ಕೌಂಟಿಯಲ್ಲೋ?

ಟೆಕ್ಸಾಸ್‌ನ 254 ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ರಾಜ್ಯ ಕೊಟ್ಟಷ್ಟೇ ಅಧಿಕಾರ. ಹೆಚ್ಚಿನ ಕಡೆ ಜೋನಿಂಗ್, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದೆಂದು ನಿಗದಿ ಮಾಡುವ ಹಕ್ಕು ಅವಕ್ಕಿಲ್ಲ. ಸಿಟಿ ಗಡಿಯಾಚೆ ಮನೆ ಕೊಂಡರೆ, ಪಕ್ಕದ ಖಾಲಿ ಜಾಗದಲ್ಲಿ ನಾಳೆ ಗೋದಾಮು ಎದ್ದರೂ ಕೌಂಟಿ ತಡೆಯುವುದು ಕಷ್ಟ. ಸಿಟಿಗಳಲ್ಲಿ ಸಾಮಾನ್ಯವಾಗಿ ಜೋನಿಂಗ್ ಇರುತ್ತದೆ. ಆದರೆ ಹ್ಯೂಸ್ಟನ್‌ನಲ್ಲಿ ಇಲ್ಲ, ಅಲ್ಲಿ ಕ್ರಯಪತ್ರದ ಷರತ್ತುಗಳನ್ನು ಓದಲೇಬೇಕು.

ಗಡಿಯಾಚೆ ಸಿಟಿ ತೆರಿಗೆ ಇಲ್ಲ, ನಿಜ. ಆದರೆ ಹೊಸ ಬಡಾವಣೆಗಳಲ್ಲಿ ನೀರು, ಒಳಚರಂಡಿ ಒದಗಿಸುವ ಸ್ಥಳೀಯ ಸಂಸ್ಥೆಯ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) 'ಮಡ್' ತೆರಿಗೆ ಬೀಳಬಹುದು. ಕೆಲವು ಕಡೆ ಅದು ಸಿಟಿ ತೆರಿಗೆಗಿಂತ ಜಾಸ್ತಿ! ಹಳೇ ಬಿಲ್ ಕೇಳಿ ನೋಡಿ, ಸುಮ್ನೆ ನಂಬಬೇಡಿ. ಒಳಚರಂಡಿ ಇಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕಿಗೆ ಸಾಮಾನ್ಯವಾಗಿ ಪರ್ಮಿಟ್ ಬೇಕು. ಪೊಲೀಸ್ ಕೆಲಸ ಮುಖ್ಯವಾಗಿ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್‌ದು.

ಅಕ್ಕಪಕ್ಕ ಏನು ಬರುತ್ತದೋ ಎಂಬ ಚಿಂತೆ ಇರುವವರು ಜೋನಿಂಗ್ ಇರುವ ಸಿಟಿಯಲ್ಲೇ ಕೊಳ್ಳಿ. ಕೋಳಿ, ದೊಡ್ಡ ಹಿತ್ತಲು ಬೇಕಾದವರಿಗೆ ಕೌಂಟಿಯೇ ಚೆನ್ನ, ಬಡಾವಣೆ ಸಂಘದ ಕಟ್ಟಳೆ ಇಲ್ಲದಿದ್ದರೆ.