ಶಿವಮೊಗ್ಗದಲ್ಲಿ ಮೊದಲ ದಿನ: ಬೆಳಗಿನ ಜಾವದ ಬಸ್ಸೋ, ಹಿಂದಿನ ಸಂಜೆಯ ರೈಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಹಿಂದಿನ ಸಂಜೆಯ ಜನಶತಾಬ್ದಿಗೆ. ರೈಲಿನ ಮೇಲಿನ ಪ್ರೀತಿಯಿಂದಲ್ಲ, ಲಾಡ್ಜಿನವರ ಗಡಿಯಾರದ ದೆಸೆಯಿಂದ.

ನನ್ನದು ಎಲೆಕ್ಟ್ರಾನಿಕ್ ತೂಕದ ಯಂತ್ರಗಳ ರಿಪೇರಿ. ಅಂಗಡಿ ಬೆಂಗಳೂರಿನಲ್ಲಿ. ಹೋದ ವರ್ಷ ಜನವರಿಯಲ್ಲಿ ಶಿವಮೊಗ್ಗದ ಅಡಿಕೆ ಮಂಡಿಯೊಂದರಿಂದ ಕರೆ ಬಂತು. ನಾಲ್ಕು ಯಂತ್ರಗಳನ್ನು ಸರಿಮಾಡಿ, ವರ್ಷಕ್ಕೊಮ್ಮೆ ಹಾಕಿಸಬೇಕಾದ ತೂಕ-ಅಳತೆ ಇಲಾಖೆಯ ಮುದ್ರೆಗೆ ಸಿದ್ಧಪಡಿಸಿ ಕೊಡಬೇಕಿತ್ತು. ಅದುವರೆಗೆ ಶಿವಮೊಗ್ಗವನ್ನು ನಾನು ನೋಡಿದ್ದು ಜೋಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮಾತ್ರ.

ಈ ಕೆಲಸಕ್ಕೆ ತೂಕದ ಕಲ್ಲುಗಳನ್ನು ಜೊತೆಗೇ ಒಯ್ಯಬೇಕು. ಬೆಂಗಳೂರಿನಲ್ಲಿ ಸರಿಮಾಡಿ ಕಳಿಸಿದರೆ ಸಾಲದೇ ಎಂದು ಮಂಡಿಯವರೂ ಕೇಳುತ್ತಾರೆ. ಸಾಲದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ಶಿವಮೊಗ್ಗ 570ರ ಆಸುಪಾಸಿನಲ್ಲಿದೆ. ಅಷ್ಟಕ್ಕೇ ಗುರುತ್ವ ಕೂದಲೆಳೆಯಷ್ಟು ಬದಲಾಗಿ, ಒಂದು ಮೂಟೆಯ ತೂಕದಲ್ಲಿ ಕೆಲವು ಗ್ರಾಂ ಅತ್ತಿತ್ತ ಆಗುತ್ತದೆ. ಸಾಗಣೆಯ ಕುಲುಕಾಟ ಬೇರೆ. ಆದ್ದರಿಂದ ಗೊತ್ತಿರುವ ತೂಕವನ್ನಿಟ್ಟು ಯಂತ್ರವನ್ನು ಅಲ್ಲೇ ಹೊಂದಿಸಬೇಕು. ಹಾಗಾಗಿ ಹತ್ತು ಕಿಲೋದ ಎರಡು ಎರಕದ ಕಬ್ಬಿಣದ ಕಲ್ಲುಗಳು ನನ್ನ ಖಾಯಂ ಸಹಪ್ರಯಾಣಿಕರು. ಮುಂದೆ ಹೇಳುವುದೆಲ್ಲವನ್ನೂ ಈ ಇಪ್ಪತ್ತು ಕಿಲೋ ಹೆಗಲಿಗಿಟ್ಟುಕೊಂಡೇ ಓದಬೇಕು.

ವಿಮಾನದ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ 2023ರ ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಬರುತ್ತಿದೆ, ಆದರೆ ಸಾಮಾನ್ಯ ಟಿಕೆಟ್ಟಿಗೆ ಸಿಗುವ ಹದಿನೈದು ಕಿಲೋ ಲಗೇಜಿನಲ್ಲಿ ನನ್ನ ಕಲ್ಲುಗಳೇ ಹಿಡಿಸುವುದಿಲ್ಲ.

ಮೊದಲ ಸಲ ಹೋದದ್ದು ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ. ಲೆಕ್ಕ ಎಲ್ಲರೂ ಹಾಕುವಂಥದ್ದೇ: ರಾತ್ರಿ ಪ್ರಯಾಣದಲ್ಲಿ ಕಳೆಯುತ್ತದೆ, ಬೆಳಿಗ್ಗೆ ರೂಮಿನಲ್ಲಿ ಸ್ನಾನ, ತಿಂಡಿ, ಹತ್ತಕ್ಕೆ ಕೆಲಸ. ಮೊಬೈಲಿನಲ್ಲೇ ರೂಮು ಕಾದಿರಿಸಿ ಒಂಬೈನೂರು ರೂಪಾಯಿ ಕಟ್ಟಿಯೂ ಆಗಿತ್ತು.

ಬಸ್ಸು ಇಳಿಸಿದ್ದು ನಾಲ್ಕೂ ನಲವತ್ತಕ್ಕೆ. ಬಿ.ಎಚ್. ರಸ್ತೆಯಲ್ಲಿ ಮಂಜು ಎಷ್ಟಿತ್ತೆಂದರೆ ಎದುರಿನ ಬೀದಿದೀಪ ಹಳದಿ ಕಲೆಯಂತೆ ಕಾಣುತ್ತಿತ್ತು. ಲಾಡ್ಜಿನ ಅರ್ಧ ಎಳೆದ ಷಟರ್ ತಟ್ಟಿದೆ. ಮಂಕಿ ಟೋಪಿ ಹಾಕಿಕೊಂಡ ಮ್ಯಾನೇಜರ್ ಕೌಂಟರಿನ ಹಿಂದಿನ ಹಾಸಿಗೆಯಿಂದಲೇ ಕೇಳಿದರು:

"ಬುಕಿಂಗ್ ಇದೆಯಾ ಸರ್? ಹಾಗಾದರೆ ಹನ್ನೆರಡು ಗಂಟೆಗೆ ಬನ್ನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ದಿನ ಮಧ್ಯಾಹ್ನ ಹನ್ನೆರಡಕ್ಕೆ ಹುಟ್ಟಿ ಮರುದಿನ ಹನ್ನೆರಡಕ್ಕೆ ಮುಗಿಯುತ್ತದೆ. ಬೆಳಗಿನ ಜಾವ ಐದು ಗಂಟೆ ಎಂದರೆ ಅವರ ಪುಸ್ತಕದಲ್ಲಿ ಇನ್ನೂ ನಿನ್ನೆ. ಈಗಲೇ ಬೇಕೆಂದರೆ ನಿನ್ನೆಯ ಬಾಡಿಗೆಯನ್ನೂ ಸೇರಿಸಿ ಕೊಡಬೇಕು. ಏಳು ಗಂಟೆಯ ಉಪಯೋಗಕ್ಕೆ ಇನ್ನೊಂದು ಒಂಬೈನೂರು. ಹನ್ನೆರಡಕ್ಕೆ ನಾನು ಮಂಡಿಯಲ್ಲಿ ಇರುತ್ತೇನೆ, ಆಗ ನಿಮ್ಮ ರೂಮು ತೆಗೆದುಕೊಂಡು ಏನು ಮಾಡಲಿ ಎಂದು ಕೇಳಿದೆ. "ನಿಯಮ ಸರ್" ಎಂದು ಅವರು ಕಂಬಳಿ ಎಳೆದುಕೊಂಡರು.

ಮನುಷ್ಯ ಕೆಟ್ಟವರಲ್ಲ, ಸೋಫಾದ ಮೇಲೆ ಕೂರಲು ಬಿಟ್ಟರು. ಆದರೆ ನಾನು ಚೀಲವನ್ನು ಕೆಳಗಿಟ್ಟಾಗ ಟೈಲ್ಸಿನ ಮೇಲೆ ಕಬ್ಬಿಣ ಠಣ್ ಎಂದಿತು. ಮ್ಯಾನೇಜರ್ ಎದ್ದು ಕೂತರು. ಬ್ಯಾಗಿನಲ್ಲಿ ಏನಿದೆ ಎಂದರು. ತೂಕದ ಕಲ್ಲು ಎಂದೆ. ತೆಗೆಸಿ ನೋಡಿದರು, ಒಂದನ್ನು ಎತ್ತಿಯೂ ನೋಡಿದರು, "ಇದನ್ನು ಬೆಂಗಳೂರಿನಿಂದ ಹೊತ್ತು ತಂದಿರಾ?" ಎಂದು ಕೇಳಿ ಮತ್ತೆ ಮಲಗಿದರು. ಆಮೇಲೆ ಅವರಿಗೆ ನಿದ್ದೆ ಬಂತು, ನನಗೆ ಬರಲಿಲ್ಲ.

ಏಳಕ್ಕೆ ಬಸ್ ನಿಲ್ದಾಣದ ಶೌಚಾಲಯದಲ್ಲಿ ತಣ್ಣೀರಿನಲ್ಲೇ ಗಡ್ಡ ಕೆರೆದುಕೊಂಡು, ಅಂಗಿ ಬದಲಿಸಿ, ಮಂಡಿಯಿರುವ ಸಾಗರ ರಸ್ತೆಯ ಎಪಿಎಂಸಿ ಮಾರುಕಟ್ಟೆಗೆ ಆಟೋ ಹಿಡಿದೆ. ಹನ್ನೊಂದರ ಹೊತ್ತಿಗೆ ಮೊದಲ ಯಂತ್ರ ಬಿಚ್ಚಿ, ಸರಿಮಾಡಿ, ಹೊಂದಿಸಲು ಕೂತೆ. ತಟ್ಟೆಯ ಮೇಲೆ ಒಂದು ಕಲ್ಲಿಟ್ಟೆ. ಇನ್ನೊಂದನ್ನೂ ಇಟ್ಟೆನೆಂದು ಭಾವಿಸಿ ಯಂತ್ರಕ್ಕೆ ಇಪ್ಪತ್ತು ಎಂದು ಒತ್ತಿದೆ. ಎರಡನೆಯ ಕಲ್ಲು ಚೀಲದಲ್ಲೇ ಇತ್ತು. ಮಂಡಿಯ ಗುಮಾಸ್ತರು ತಮಾಷೆಗೆ ಯಂತ್ರದ ಮೇಲೆ ಹತ್ತಿ ನಿಂತರು.

"ಎಪ್ಪತ್ತೆರಡು ಕಿಲೋ ಇದ್ದವನು ನೂರ ನಲವತ್ತನಾಲ್ಕು ಆಗಿಬಿಟ್ಟೆನಲ್ಲ ಮಾರಾಯರೇ!"

ಅವರು ನಕ್ಕರು. ನನಗೆ ನಗು ಬರಲಿಲ್ಲ. ರಾಶಿ ಎಂಬ ದರ್ಜೆಯ ಅಡಿಕೆಯ ಧಾರಣೆ ಆಗ ಕ್ವಿಂಟಾಲಿಗೆ ಅರ್ಧ ಲಕ್ಷದ ಆಸುಪಾಸಿನಲ್ಲಿತ್ತು. ನೂರು ಗ್ರಾಂ ತಪ್ಪಿದರೆ ಐವತ್ತು ರೂಪಾಯಿ ಯಾರದೋ ಕೈಯಿಂದ ಯಾರದೋ ಕೈಗೆ ಹೋಗುತ್ತಿತ್ತು. ತಪ್ಪು ಇಷ್ಟು ದೊಡ್ಡದಾಗಿದ್ದರಿಂದ ಸಿಕ್ಕಿಬಿತ್ತು. ನೂರು ಗ್ರಾಮಿನದಾಗಿದ್ದರೆ ಆ ನಿದ್ದೆಗಣ್ಣಿಗೆ ಕಾಣುತ್ತಿರಲಿಲ್ಲ. ಮೊದಲ ಯಂತ್ರವನ್ನು ಮತ್ತೆ ಹೊಂದಿಸಿ, ನಾಲ್ಕನ್ನೂ ಮುಗಿಸುವಾಗ ಸಂಜೆ ಏಳಾಗಿತ್ತು. ಆ ಒಂಬೈನೂರರ ರೂಮಿನಲ್ಲಿ ನಾನು ಮಾಡಿದ್ದು ಒಂದು ಸ್ನಾನ.

ಎರಡನೆಯ ಸಲ ರಾತ್ರಿಯ ರೈಲು, ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವುದು. ಬರ್ತು ಬಸ್ಸಿಗಿಂತ ಉತ್ತಮ, ಕಲ್ಲುಗಳಿಗೆ ಸೀಟಿನ ಕೆಳಗೆ ಧಾರಾಳ ಜಾಗ. ಆದರೆ ಇದೂ ತಲುಪಿಸುವುದು ಬೆಳಗಿನ ಜಾವಕ್ಕೇ. ಜೊತೆಗೆ ಶಿವಮೊಗ್ಗ ಕೊನೆಯ ನಿಲ್ದಾಣವಲ್ಲ ಎಂಬ ಆತಂಕ. ನನ್ನ ಪಾಲುದಾರ ಒಮ್ಮೆ ಕಣ್ಣುಬಿಟ್ಟಾಗ ಫಲಕದ ಮೇಲೆ ಸಾಗರ ಜಂಬಗಾರು ಎಂದಿತ್ತಂತೆ. ನಾನು ಆ ಭಯಕ್ಕೇ ಬೀರೂರಿನಿಂದ ಎದ್ದು ಕೂತಿದ್ದೆ.

ಮಂಡಿಯ ಯಜಮಾನರು ತಮ್ಮ ಮನೆಗೇ ಬನ್ನಿ ಎಂದು ಕರೆದದ್ದೂ ಉಂಟು. ಒಮ್ಮೆ ಹೋದೆ. ಕಾಲು ತೊಳೆದು ಒಳಗೆ ಬರುತ್ತಲೇ ಬೆಲ್ಲ, ನೀರು. "ಆಸರಿಗೆ ಏನು ಕೊಡಲಿ?" ಎಂದರು ಆ ಮನೆಯ ಅಮ್ಮ. ಆಸರಿಗೆ ಎಂದರೆ ಬಾಯಾರಿಕೆಗೆ ಕುಡಿಯುವುದು. ಅದಾಯಿತು, ತೆಳ್ಳೇವು ಎಂಬ ತೆಳು ದೋಸೆ ಆಯಿತು, ಹೊಸ ಸಸಿ ನೆಟ್ಟ ತೋಟ ನೋಡಿದ್ದಾಯಿತು. ಮಂಡಿಗೆ ಹೊರಟಾಗ ಹನ್ನೊಂದೂವರೆ. ಇಂಥ ಉಪಚಾರ ಬೇಡವೆನ್ನುವ ಬಾಯಿ ನನಗಿಲ್ಲ. ಆದ್ದರಿಂದ ಕೆಲಸದ ಮೊದಲ ದಿನ ಮನೆ ಬೇಡ, ಕೆಲಸ ಮುಗಿದ ದಿನ ಹೋಗುತ್ತೇನೆ.

ಈಗ ಜನಶತಾಬ್ದಿ. ಸಂಜೆ ಬೆಂಗಳೂರು ಬಿಟ್ಟು, ತುಮಕೂರು, ಅರಸೀಕೆರೆ, ಕಡೂರು ದಾಟಿ, ರಾತ್ರಿ ಹತ್ತರ ಸುಮಾರಿಗೆ ಶಿವಮೊಗ್ಗ ಟೌನ್. ಮಲಗಲು ಬರ್ತಿಲ್ಲ, ಕೂತೇ ಬರಬೇಕು. ಅಂಗಡಿಯನ್ನು ನಾಲ್ಕಕ್ಕೇ ಬಿಡಬೇಕು. ಈ ಎರಡು ಕೊರತೆ ನಿಜ.

ಇದರ ಜೊತೆಗೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕದ ಲಾಡ್ಜು ಹುಡುಕಬೇಕು, ಗುಟ್ಟೆಲ್ಲ ಅಲ್ಲಿದೆ. ನಾನು ಈಗ ಇಳಿದುಕೊಳ್ಳುವ ಕಡೆ ಒಳಗೆ ಬಂದ ಗಳಿಗೆಯಿಂದಲೇ ದಿನ ಶುರು. ಹತ್ತೂ ಇಪ್ಪತ್ತಕ್ಕೆ ಪುಸ್ತಕದಲ್ಲಿ ಸಹಿ ಹಾಕಿದರೆ ಮರುರಾತ್ರಿ ಹತ್ತೂ ಇಪ್ಪತ್ತರವರೆಗೆ ರೂಮು ನನ್ನದು. ಪೂರ್ತಿ ನಿದ್ದೆ, ಬಿಸಿನೀರು, ಹಗಲೆಲ್ಲ ಕೆಲಸ, ಸಂಜೆ ಬಂದು ಅಡಿಕೆ ಧೂಳು ತೊಳೆದುಕೊಳ್ಳುವ ಸ್ನಾನ, ಆಮೇಲೆ ರಾತ್ರಿ ಬಸ್ಸು. ಬಾಡಿಗೆ ಒಂದೇ ದಿನದ್ದು, ಸಾವಿರದ ನೂರು. ಮಧ್ಯಾಹ್ನದ ಗಡಿಯಾರದ ಒಂಬೈನೂರಕ್ಕಿಂತ ಇನ್ನೂರು ಹೆಚ್ಚು, ಬೆಳಗಿನ ಜಾವಕ್ಕೇ ರೂಮು ಬೇಕೆಂದು ಎರಡು ಸಲ ಕೊಡುವುದಕ್ಕಿಂತ ಏಳುನೂರು ಕಡಿಮೆ. ಇದನ್ನು ಮೊಬೈಲಿನಲ್ಲಿ ನಂಬಬೇಡಿ. ಫೋನ್ ಮಾಡಿ, "ರಾತ್ರಿ ಹತ್ತಕ್ಕೆ ಬಂದರೆ ಮರುದಿನ ಎಷ್ಟು ಗಂಟೆಗೆ ಬಿಡಬೇಕು?" ಎಂದು ಇಷ್ಟೇ ಮಾತಿನಲ್ಲಿ ಕೇಳಿ.

ಬಸ್ಸಿನಲ್ಲಿ ತಲೆಯಿಟ್ಟ ಕೂಡಲೇ ಗೊರಕೆ ಹೊಡೆಯುವವರಿಗೆ ಇದೆಲ್ಲ ಅನವಶ್ಯಕ. ನನ್ನ ಪಾಲುದಾರ ಅಂಥವನು. ಸಾಗರಕ್ಕೆ ಹೋಗಿ ಬಂದ ಮೇಲೂ ಅವನು ರಾತ್ರಿ ಪ್ರಯಾಣವನ್ನೇ ಹಿಡಿದಿದ್ದಾನೆ. ನಾನು ಹಿಂತಿರುಗುವಾಗ ಮಾತ್ರ ರಾತ್ರಿ ಬಸ್ಸು ಹತ್ತುತ್ತೇನೆ. ಆಗ ಯಂತ್ರಗಳಿಗೆ ಮುದ್ರೆ ಬಿದ್ದಿರುತ್ತದೆ, ಮರುದಿನ ಯಾವ ಗುಂಡಿ ತಪ್ಪಿ ಒತ್ತಿದರೂ ಅದು ನಮ್ಮ ಮನೆಯ ಮಿಕ್ಸಿಯದು.