ಮೂರು ಹಳೇ ಮುಖಪುಟ, ಒಂದೇ ಮೊಳೆ

ಓದುವ ಮೇಜಿನ ಎದುರು ಕ್ಯಾಲೆಂಡರ್ ತೆಗೆದ ಮೇಲೆ ಒಂದು ಮೊಳೆ ಖಾಲಿ ಉಳಿದಿತ್ತು. ಅಲ್ಲಿ ಯಾವುದಾದರೂ ಹಳೇ ಪತ್ರಿಕೆಯ ಮುಖಪುಟ ಹಾಕೋಣ ಅನಿಸಿತು. ಅವೆನ್ಯೂ ರಸ್ತೆಯಲ್ಲಿ ಕೊಂಡಿಟ್ಟಿದ್ದ ಮೂರು ಕೈಯಲ್ಲಿದ್ದವು: ಅರವತ್ತರ ದಶಕದ ಒಂದು ಇಂದ್ರಜಾಲ ಕಾಮಿಕ್ಸ್, ಒಂದು ಅಮರ ಚಿತ್ರ ಕಥೆ, ಒಂದು ಚಂದಮಾಮ. ತಿಂಗಳಿಗೊಂದನ್ನು ತೂಗುಹಾಕಿ ನೋಡಿದೆ.

ಮೊದಲ ತಿಂಗಳು ಇಂದ್ರಜಾಲ, ಅದರ ಮುಖಪುಟದಲ್ಲಿದ್ದವನು ಕಾಡಿನ ಮುಖವಾಡದ ವೀರ ಫ್ಯಾಂಟಮ್. ಇಂದ್ರಜಾಲವನ್ನು ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಶುರು ಮಾಡಿದರು. ಒಳಗಿರುವುದು ಅಮೆರಿಕದ ಪತ್ರಿಕೆಗಳಿಗೆ ಲೀ ಫಾಕ್ ಬರೆದ ಕತೆ. ಮುಖಪುಟ ಮಾತ್ರ ನಮ್ಮವರದ್ದು. ಶುರುವಿನ ವರ್ಷಗಳಲ್ಲಿ ಎಷ್ಟೋ ಮುಖಪುಟಗಳನ್ನು ಬಿ. ಗೋವಿಂದ್ ಬರೆದರು. ಒಳಗೆ ಬರೀ ಗೆರೆ ಇದ್ದ ಕಡೆ ಅವರು ಮೈ ತುಂಬಿಸಿದರು. ತೋಳಿಗೆ ನೆರಳು ಬಂತು, ಕಾಡಿಗೆ ಕತ್ತಲು ಬಂತು. ಬಾಗಿಲಲ್ಲಿ ನಿಂತರೂ ಚಿತ್ರ ಕೈ ಹಿಡಿದು ಎಳೆಯುತ್ತದೆ. ರೈಲು ನಿಂತ ಐದು ನಿಮಿಷದಲ್ಲಿ ಸ್ಟೇಷನ್ನಿನ ಪುಸ್ತಕದಂಗಡಿಯಿಂದ ಹುಡುಗರನ್ನು ಕರೆಯಬೇಕಿದ್ದ ಚಿತ್ರ, ಎಳೆಯದೇ ಇನ್ನೇನು ಮಾಡೀತು?

ಆದರೆ ಹತ್ತೇ ದಿನ. ಆಮೇಲೆ ಅದು ಪಕ್ಕದ ಸ್ವಿಚ್ ಬೋರ್ಡಿನಷ್ಟೇ ಆಗಿಹೋಯಿತು. ಅವನ ಮುಖವಾಡದಲ್ಲಿ ಕಣ್ಣುಗುಡ್ಡೆ ಇಲ್ಲವಲ್ಲ, ನಾವು ನೋಡಿದರೂ ಅವನು ನಮ್ಮನ್ನು ನೋಡುವುದಿಲ್ಲ. ಕೊನೆಗೆ ತೆಗೆದು ಒಳಗಿನ ಕತೆಯನ್ನೇ ಎರಡು ಸಲ ಓದಿದೆ. ಆ ಮುಖಪುಟಕ್ಕೆ ಬೇಕಿದ್ದದ್ದೂ ಅದೇ ಅಲ್ವಾ?

ಎರಡನೇ ತಿಂಗಳು ಅಮರ ಚಿತ್ರ ಕಥೆ. ಇದರ ಬಗ್ಗೆ ಜಾಸ್ತಿ ಹೇಳಲಾರೆ. ಕಾರ್ಕಳದ ಅನಂತ ಪೈ 1967ರಲ್ಲಿ ಶುರು ಮಾಡಿದ ಸಾಲು. ಒಳ್ಳೊಳ್ಳೆ ಕಲಾವಿದರು ಕೆಲಸ ಮಾಡಿದ್ದಾರೆ, ರಾಮ್ ವಾಯಿರ್ಕರ್, ಪ್ರತಾಪ್ ಮುಳಿಕ್ ಅಂಥವರು. ಆದರೂ ಮುಖಪುಟ ನನಗೆ ಹೆಸರು ಬರೆದ ಫಲಕದ ಹಾಗೆ ಕಂಡಿತು: ವೀರ ಇಲ್ಲಿದ್ದಾನೆ, ಹೆಸರು ಮೇಲಿದೆ. ತಂಗಿಯ ಮಗಳು ಬಂದಿದ್ದಳು, ಎಂಟು ವರ್ಷ. ಫ್ಯಾಂಟಮ್ ತೋರಿಸಿದಾಗ "ಆಮೇಲೆ ಏನಾಗುತ್ತೆ ಮಾವ?" ಅಂದಳು. ಇದನ್ನು ತೋರಿಸಿದರೆ "ಅರ್ಜುನ" ಅಂದು ಸುಮ್ಮನಾದಳು. ಒಂದು ಅನುಕೂಲ ಉಂಟು. ಈಗಲೂ ಅಚ್ಚಾಗುತ್ತಿದೆ, ಹಾಳಾದರೆ ಇನ್ನೊಂದು ತಂದರಾಯಿತು.

ಮೂರನೆಯದು ಚಂದಮಾಮ. ದೂರದಿಂದ ನೋಡಿದರೆ ಇದು ಸೋತ ಹಾಗೇ. ಬಾಗಿಲಿನಿಂದ ಬರೀ ಬಣ್ಣದ ಮೋಡ. ಹತ್ತಿರ ಕುಳಿತರೆ ಮಾತ್ರ ಬಿಡಿಸಿಕೊಳ್ಳುತ್ತದೆ. ನನ್ನ ಪ್ರತಿಯಲ್ಲಿ ಕೊಳದ ಪಕ್ಕ ಇಬ್ಬರು ಹೆಂಗಸರು, ಹಿಂದೆ ಕಂಬಕ್ಕೆ ಒರಗಿದ ಕಾವಲುಗಾರ. ಅವನು ನಿದ್ದೆ ಹೋಗಿದ್ದಾನೆ ಅಂತ ನನಗೆ ಗೊತ್ತಾದದ್ದು ಎರಡನೇ ವಾರ! ಮೂರನೇ ವಾರ ಗಮನಿಸಿದೆ, ಆ ಹೆಂಗಸರು ಅದಕ್ಕೇ ಪಿಸುಮಾತಿನಲ್ಲಿದ್ದಾರೆ.

ಮದ್ರಾಸಿನಿಂದ ಬರುತ್ತಿದ್ದ ಈ ಪತ್ರಿಕೆ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಯಿತು. ಕನ್ನಡದ್ದು ಬಂದದ್ದು 1949ರ ಜುಲೈನಲ್ಲಿ. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳನ್ನು ಹಳಬರು ಇನ್ನೂ ನೆನೆಯುತ್ತಾರೆ. ನನ್ನದು ವಡ್ಡಾದಿ ಪಾಪಯ್ಯನವರದ್ದು. ಮೂಲೆಯಲ್ಲಿ ತೆಲುಗು ಅಕ್ಷರದಲ್ಲಿ 'ವ.ಪಾ.' ಅಂತ ಸಹಿ. ಒಂದೇ ಚಿತ್ರ ಹಲವು ಭಾಷೆಗಳಿಗೆ ಹೋಗುತ್ತಿತ್ತು, ಮೇಲಿನ ಹೆಸರು ಮಾತ್ರ ಬದಲು. ಹಾಗಾಗಿ ಚಿತ್ರದ ಮೇಲೆ ಕತೆಯ ಹೆಸರಿಲ್ಲ, ಕೂಗಿ ಕರೆಯುವ ಸಾಲುಗಳಿಲ್ಲ. ಎಲ್ಲವನ್ನೂ ಚಿತ್ರವೇ ಹೇಳಬೇಕು. ಗೋಡೆಗೆ ಹೊಂದುವುದು ಇದಕ್ಕೇ ಇರಬೇಕು.

ಒಂದು ಎಡವಟ್ಟು ಆಯಿತು. ಫ್ರೇಮಿಗಿಂತ ಚಂದಮಾಮ ಸ್ವಲ್ಪ ದೊಡ್ಡದಿತ್ತು. ಸರಿಮಾಡಿಕೊಡಿ ಅಂತ ಅಂಗಡಿಗೆ ಕೊಟ್ಟೆ. ಅವರು ಫ್ರೇಮ್ ಬದಲಿಸುವುದು ಬಿಟ್ಟು ಕಾಗದವನ್ನೇ ಕತ್ತರಿಸಿದ್ದರು. ಈಗ ಸಹಿಯಲ್ಲಿ 'ವ' ಮಾತ್ರ ಉಳಿದಿದೆ. ನೀವು ಹಾಕುವುದಾದರೆ ಅಸಲು ಪ್ರತಿ ಕೊಡಬೇಡಿ, ಸ್ಕ್ಯಾನ್ ಮಾಡಿಸಿ ಪ್ರಿಂಟ್ ಕೊಡಿ. ಅದರಲ್ಲೂ ವ್ಯತ್ಯಾಸ ಇದೆ. ಫ್ಯಾಂಟಮ್ ಎ3 ಅಳತೆಗೆ ದೊಡ್ಡದು ಮಾಡಿದರೂ ತಡೆದುಕೊಂಡಿತು, ಅದರ ಆಕಾರಗಳು ದಪ್ಪ. ಚಂದಮಾಮವನ್ನು ಹಾಗೆ ಮಾಡಿದರೆ ಹೆಂಗಸರ ಕೆನ್ನೆಯೆಲ್ಲ ಅಚ್ಚಿನ ಚುಕ್ಕಿ. ಇದ್ದಷ್ಟೇ ಅಳತೆಯಲ್ಲಿ ಇರಲಿ. ಬಿಸಿಲು ಬೀಳುವ ಗೋಡೆಯಂತೂ ಯಾವುದಕ್ಕೂ ಬೇಡ, ಕೆಂಪು ಮೊದಲು ಹಾರಿಹೋಗುತ್ತದೆ.

ಮೊಳೆ ಈಗ ಚಂದಮಾಮದ್ದು, ಅರ್ಧ ಸಹಿಯ ಸಮೇತ. ಫ್ಯಾಂಟಮ್ ಪ್ರಿಂಟ್ ಹೊರಗೆ ಹಜಾರದಲ್ಲಿದೆ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ, ಒಳಗಿರುವ ಕಾವಲುಗಾರನನ್ನು ಯಾರೂ ಕೇಳಿಲ್ಲ. ಅಮರ ಚಿತ್ರ ಕಥೆಯನ್ನು ತಂಗಿಯ ಮಗಳು ಓದಲು ಒಯ್ದಳು. ಇನ್ನೂ ವಾಪಸ್ ಕೊಟ್ಟಿಲ್ಲ.