ಕಾಂಟ್ರಾಕ್ಟ್ ಎಷ್ಟು ವರ್ಷದ್ದು ಅಂತ ಕೇಳಿ ಹೊಲಿಯುವ ಜೆರ್ಸಿ ಅಂಗಡಿ

ಕೆನಡಾದ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ನಮ್ಮ ಮನೆಯಿಂದ ಕಾರಲ್ಲಿ ಹತ್ತು ನಿಮಿಷ. ಹಳೇ ಪ್ಲಾಜಾ, ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಪೀಜಾ, ನಡುವೆ ಈ ಅಂಗಡಿ. ಬೋರ್ಡಿನಲ್ಲಿ ಒಂದು ಅಕ್ಷರ ಬಿದ್ದು ಹೋಗಿ ವರ್ಷವಾಯ್ತು. ಅಕ್ಷರ ಹೊಲಿಯೋದೇ ಕಸುಬಾಗಿರೋ ಮನುಷ್ಯ ತನ್ನ ಬೋರ್ಡನ್ನೇ ಸರಿ ಮಾಡ್ಕೊಂಡಿಲ್ಲ. ನಾನು 2018ರಿಂದ ಹೋಗ್ತಾ ಇದ್ದೇನೆ, 2025ರ ಜುಲೈಯಲ್ಲೂ ಹೋಗಿದ್ದೆ, ಹಾಗಾಗಿ ಬರೆಯೋಣ ಅನ್ನಿಸಿತು.

ಕೆಲಸ ಇಷ್ಟೇ. ಹೆಸರಿಲ್ಲದ ಐಸ್ ಹಾಕಿ ಜೆರ್ಸಿ ತಗೊಂಡು ಹೋದರೆ ಬೆನ್ನ ಮೇಲೆ ಹೆಸರು, ನಂಬರ್ ಹಾಕಿ ಕೊಡ್ತಾರೆ. ಹಾಕಿದ್ದನ್ನು ಕೀಳ್ತಾರೆ ಕೂಡ. ಟೊರಾಂಟೊ ಮೇಪಲ್ ಲೀಫ್ಸ್ ಅನ್ನೋ ಐಸ್ ಹಾಕಿ ಟೀಮಿನ ಫ್ಯಾನ್‌ಗಳಿರುವ ಊರಲ್ಲಿ ಈ ಎರಡನೇ ಕೆಲಸಕ್ಕೇ ಗಿರಾಕಿ ಜಾಸ್ತಿ.

ಐಸ್ ಹಾಕಿ ನೋಡದವರಿಗೆ ಸ್ವಲ್ಪ ಹೇಳ್ಬೇಕು. ಇಲ್ಲಿನ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಕಾಂಟ್ರಾಕ್ಟ್ ಮುಗಿದ ಆಟಗಾರರು ಜುಲೈ 1ರ ಮಧ್ಯಾಹ್ನ 12 ಗಂಟೆಯಿಂದ ಬೇರೆ ಟೀಮುಗಳ ಜೊತೆ ಸಹಿ ಹಾಕಬಹುದು. ನಮ್ಮ ಐಪಿಎಲ್ ಹರಾಜಿನ ಹಾಗೆ ಅಂದ್ಕೊಳ್ಳಿ, ಒಂದೇ ಫರಕು ಅಂದ್ರೆ ಇಲ್ಲಿ ಯಾರ ಹತ್ರ ಹೋಗ್ಬೇಕು ಅಂತ ಆರಿಸಿಕೊಳ್ಳೋನು ಆಟಗಾರ. ಹರಾಜಲ್ಲಿ ಹೋದವನ ಮೇಲೆ ಯಾರೂ ಸಿಟ್ಟು ಮಾಡ್ಕೊಳ್ಳಲ್ಲ, ತಾನಾಗೇ ಎದ್ದು ಹೋದವನ ಮೇಲೆ ಹೊಟ್ಟೆಯುರಿ ಇದ್ದೇ ಇರುತ್ತೆ, ಅಲ್ವಾ? ನನ್ನ ಹೆಂಡತಿ ವಿರಾಜಪೇಟೆ ಕಡೆಯವಳು, ಅವಳಿಗೆ ಇದೆಲ್ಲ ನಗು. ಕೊಡವ ಹಾಕಿ ಹಬ್ಬದಲ್ಲಿ ಟೀಮ್ ಅಂದ್ರೆ ಒಂದು ಒಕ್ಕ, ಅಂದ್ರೆ ಒಂದು ಮನೆತನ, 2024ರಲ್ಲಿ ಕುಂಡ್ಯೋಳಂಡ ಕಪ್‌ಗೆ ನಾಪೋಕ್ಲಿನಲ್ಲಿ 360 ಮನೆತನ ಆಡಿದವು. ಅಲ್ಲಿ ಹೆಚ್ಚು ದುಡ್ಡು ಕೊಡ್ತೀನಿ ಬಾ ಅಂತ ಪಕ್ಕದ ಮನೆತನದ ಹುಡುಗನನ್ನು ಕರೆಯೋಕೆ ಆಗುತ್ತಾ? ಹುಟ್ಟಿದ ಮನೆ ಹೆಸರೇ ಬೆನ್ನ ಮೇಲೆ. ಕೀಳೋ ಮಾತೇ ಇಲ್ಲ.

ಈ ಅಂಗಡಿಯ ವಿಶೇಷಕ್ಕೆ ಬರ್ತೀನಿ. ಹೊಲಿಯುವ ಅಜ್ಜ ಪೋರ್ಚುಗೀಸ್ ಮೂಲದವರು. ಜೆರ್ಸಿ ಮುಂದಿಟ್ಟರೆ ಮೊದಲು ಹೆಸರು ಕೇಳಲ್ಲ. ಆ ಆಟಗಾರನ ಕಾಂಟ್ರಾಕ್ಟ್ ಎಷ್ಟು ವರ್ಷದ್ದು ಅಂತ ಕೇಳ್ತಾರೆ. ಒಂದು ವರ್ಷದ್ದಾದ್ರೆ ಹೀಟ್ ಪ್ರೆಸ್‌ನಲ್ಲಿ ಅಂಟಿಸಿ ಕೊಡ್ತಾರೆ. ಮೂರು ನಾಲ್ಕು ವರ್ಷಕ್ಕೆ ಒಂದು ಸಾಲು ಹೊಲಿಗೆ. ಏಳು ವರ್ಷ ಅಂದ್ರೆ ಅಂಚಿನ ಸುತ್ತ ಜಿಗ್‌ಜಾಗ್ ಹೊಲಿಗೆ ಎರಡು ಸುತ್ತು, ರೇಟೂ ಅದಕ್ಕೆ ತಕ್ಕ ಹಾಗೆ. 2023ರಲ್ಲಿ ಟೈಲರ್ ಬರ್ಟೂಜಿ ಒಂದು ವರ್ಷಕ್ಕೆ 55 ಲಕ್ಷ ಡಾಲರಿಗೆ ಲೀಫ್ಸ್‌ಗೆ ಬಂದಾಗ ನನ್ನ ಆಫೀಸಿನ ಗೆಳೆಯ ಅವನ ನಂಬರ್ 59ರ ಜೆರ್ಸಿ ಹೊಲಿಸಲೇಬೇಕು ಅಂತ ಹಟ ಹಿಡಿದ. ಅಜ್ಜ ಒಪ್ಪಲೇ ಇಲ್ಲ, ಅಂಟಿಸಿ ಕಳಿಸಿದರು. ಮುಂದಿನ ಬೇಸಿಗೆಗೆ ಬರ್ಟೂಜಿ ಶಿಕಾಗೊಗೆ ಹೋದ. ಗೆಳೆಯ ಇಸ್ತ್ರಿ ಪೆಟ್ಟಿಗೆ ಹಿಡಿದು ಮನೆಯಲ್ಲೇ ಹೆಸರು ಎಬ್ಬಿಸಿದ.

ಗೋಡೆ ಮೇಲೆ ಮೊಳೆಗೆ ತೂಗುಹಾಕಿದ ಒಂದು ಜೆರ್ಸಿ ಇದೆ, ಕ್ಲಾರ್ಕ್‌ಸನ್ 71. ಯಾರೋ ಕೊಟ್ಟು ಹೋಗಿ ವಾಪಸ್ ತಗೊಳ್ಳೋಕೆ ಬರಲೇ ಇಲ್ಲವಂತೆ. 2013ರ ಜುಲೈಯಲ್ಲಿ ಡೇವಿಡ್ ಕ್ಲಾರ್ಕ್‌ಸನ್ ಬಂದಾಗ ಊರೇ ಕುಣಿದಿತ್ತು. ಟೊರಾಂಟೊ ಹುಡುಗ, ಏಳು ವರ್ಷ, 3 ಕೋಟಿ 67 ಲಕ್ಷ 50 ಸಾವಿರ ಡಾಲರ್. ಸೀಸನ್ ಶುರುವಾಗೋ ಮುಂಚೆಯೇ ಅಭ್ಯಾಸ ಪಂದ್ಯದಲ್ಲಿ ಬೆಂಚಿನಿಂದ ಜಿಗಿದು ಜಗಳಕ್ಕೆ ಹೋಗಿ 10 ಪಂದ್ಯ ನಿಷೇಧ ಹಾಕಿಸಿಕೊಂಡ. ಆ ಸೀಸನ್ ಪೂರ್ತಿ 60 ಪಂದ್ಯಕ್ಕೆ 5 ಗೋಲು. 2015ರ ಫೆಬ್ರವರಿಗೆ ಕೊಲಂಬಸ್‌ಗೆ ಕಳಿಸಿಬಿಟ್ಟರು. ಅಜ್ಜ ಆ ಜೆರ್ಸಿಯ ಅಂಚು ಎಳೆದು ತೋರಿಸ್ತಾರೆ, "ನೋಡು, ಒಂದು ದಾರವೂ ಬಿಟ್ಟಿಲ್ಲ."

ನನ್ನ ಕಥೆ 2018ರದು. ಆ ಜುಲೈ 1ರಂದು ಜಾನ್ ಟವಾರೆಸ್ ನ್ಯೂಯಾರ್ಕ್ ಐಲ್ಯಾಂಡರ್ಸ್ ಬಿಟ್ಟು ನಮ್ಮ ಕಡೆ ಬಂದ. ಏಳು ವರ್ಷ, 7 ಕೋಟಿ 70 ಲಕ್ಷ ಡಾಲರ್. ಹುಟ್ಟಿದ್ದು ಇದೇ ಮಿಸಿಸಾಗಾದಲ್ಲಿ, ಬೆಳೆದದ್ದು ಪಕ್ಕದ ಓಕ್‌ವಿಲ್‌ನಲ್ಲಿ. ಚಿಕ್ಕವನಿದ್ದಾಗ ಲೀಫ್ಸ್ ಹೊದಿಕೆ ಹೊದ್ದು ಮಲಗಿದ್ದ ಫೋಟೊ ಹಾಕಿದ್ದ, ಅದನ್ನು ನೋಡಿ ಕರಗದವರೇ ಇಲ್ಲ. ಜುಲೈ 1 ಕೆನಡಾ ಡೇ, ಅಂಗಡಿ ಬಾಗಿಲು ಹಾಕಿತ್ತು. ಮಾರನೇ ದಿನ ಬೆಳಗ್ಗೆ ನಾನು ಹೋಗಿದ್ದು ಒಂಬತ್ತಕ್ಕೆ, ಆಗಲೇ ಸಾಲು ಲಾಂಡ್ರಿ ದಾಟಿ ಹೋಗಿತ್ತು. ಅಪ್ಪನ ಕಡೆಯಿಂದ ಟವಾರೆಸ್ ಪೋರ್ಚುಗೀಸ್ ಮನೆತನದವನಲ್ವಾ, ಅಜ್ಜ ಅವತ್ತು ಪ್ರತಿಯೊಬ್ಬ ಗಿರಾಕಿಗೂ ಆ ಹೆಸರು ಹೇಗೆ ಹೇಳ್ಬೇಕು ಅಂತ ಕಲಿಸ್ತಿದ್ದರು. "ತವಾರಿಶ್". ಸರಿಯಾಗಿ ಹೇಳಿದವರಿಗೆ ಐದು ಡಾಲರ್ ಕಮ್ಮಿ. ಕನ್ನಡದ ನಾಲಿಗೆಗೆ ಇದೇನು ಕಷ್ಟ, ಮೊದಲನೇ ಸಲಕ್ಕೇ ಹೇಳಿದೆ.

ನಮ್ಮಲ್ಲಿ ಹಬ್ಬ ಆಗ್ತಿದ್ದಾಗ ಐಲ್ಯಾಂಡರ್ಸ್ ಊರಾದ ಲಾಂಗ್ ಐಲ್ಯಾಂಡ್‌ನಲ್ಲಿ ಟವಾರೆಸ್‌ನ 91ರ ಜೆರ್ಸಿಗೆ ಬೆಂಕಿ ಹಚ್ಚುತ್ತಿದ್ದರು. 2019ರ ಫೆಬ್ರವರಿ 28ಕ್ಕೆ ಅವನು ಅಲ್ಲಿಗೆ ಆಡೋಕೆ ಹೋದಾಗ ಪ್ಲಾಸ್ಟಿಕ್ ಹಾವು ಎಸೆದರು, ನೆನಪಿನ ವಿಡಿಯೊ ಹಾಕಿದರೆ ಅದಕ್ಕೂ ಕೂಗಿದರು, 6-1 ಅಂತರದಲ್ಲಿ ನಮ್ಮನ್ನು ಸೋಲಿಸಿ ಕಳಿಸಿದರು. ಅವತ್ತು ನಾನು ಸೋಫಾದಲ್ಲಿ ಕೂತು ಎಂಥ ಜನ ಇವರು ಅಂತ ಬೈದಿದ್ದೆ. ಆ ಮಾತು ನೆನಪಿಟ್ಕೊಳ್ಳಿ.

2019ರ ಅಕ್ಟೋಬರ್‌ನಲ್ಲಿ ಟವಾರೆಸ್ ನಾಯಕನಾದ. ಎದೆ ಮೇಲೆ ನಾಯಕನ ಗುರುತಾದ ಸಿ ಅಕ್ಷರ ಹಾಕಿಸೋಕೆ ಮತ್ತೆ ಹೋದೆ. 2024ರ ಆಗಸ್ಟ್‌ನಲ್ಲಿ ಆ ಸಿ ಆಸ್ಟನ್ ಮ್ಯಾಥ್ಯೂಸ್‌ಗೆ ಹೋಯ್ತು. ನಾನು ಸುಮ್ನೆ ಇದ್ದೆ. ಕಾಂಟ್ರಾಕ್ಟ್ ಮುಗೀತಾ ಬಂತು, ಹೋಗ್ತಾನೋ ಏನೋ, ಹೋದ್ರೆ ಎಲ್ಲಾ ಒಟ್ಟಿಗೇ ಕೀಳಿಸಿದರಾಯ್ತು ಅಂತ ಲೆಕ್ಕ. 2025ರ ಜೂನ್ ಕೊನೆಗೆ ಅವನು ವರ್ಷಕ್ಕೆ 43 ಲಕ್ಷ 80 ಸಾವಿರ ಡಾಲರಿಗೆ ಇನ್ನು ನಾಲ್ಕು ವರ್ಷ ಇಲ್ಲೇ ಅಂತ ಸಹಿ ಹಾಕಿದ. ಮೊದಲು ವರ್ಷಕ್ಕೆ ಬರ್ತಿದ್ದದ್ದು 1 ಕೋಟಿ 10 ಲಕ್ಷ. ಅರ್ಧಕ್ಕಿಂತ ಕಡಿಮೆಗೆ ಉಳಿದವನ ಜೆರ್ಸಿ ಮೇಲೆ ಹಳೇ ಸಿ ಅಕ್ಷರ ಇಟ್ಕೊಳ್ಳೋದು ಸರಿ ಕಾಣಲಿಲ್ಲ.

ಇನ್ನೊಂದು ಜೆರ್ಸಿ ನನ್ನ ಮಗನದು. ಹನ್ನೆರಡು ವರ್ಷ ಅವನಿಗೆ. ಬೆನ್ನ ಮೇಲೆ ಲೀಫ್ಸ್ ಆಟಗಾರ ಮಾರ್ನರ್‌ನ ಹೆಸರು, ನಂಬರ್ 16. ಆ ಮೇನಲ್ಲಿ ಪ್ಲೇಆಫ್‌ನಲ್ಲಿ ಫ್ಲೋರಿಡಾ ಮೇಲೆ ಕೊನೆಯ, ಏಳನೇ ಪಂದ್ಯ ನಮ್ಮೂರಲ್ಲೇ 6-1 ಸೋತಾಗ ಅದನ್ನು ಹಾಕ್ಕೊಂಡೇ ಮಲಗಿದ್ದ. ಜೂನ್ 30ಕ್ಕೆ ಸುದ್ದಿ ಬಂತು. ಮಿಚ್ ಮಾರ್ನರ್ ವೇಗಸ್ ಟೀಮಿಗೆ, ಎಂಟು ವರ್ಷ, 9 ಕೋಟಿ 60 ಲಕ್ಷ ಡಾಲರ್, ಬದಲಿಗೆ ನಮಗೆ ನಿಕೊಲಾ ರ್ವಾ ಅನ್ನೋ ಆಟಗಾರ. ಮಾರ್ನರ್ ಕೂಡ ಈ ಊರ ಕಡೆಯ ಹುಡುಗನೇ, ಒಂಬತ್ತು ಸೀಸನ್ ಇಲ್ಲೇ ಆಡಿದವನು. ಲಾಂಗ್ ಐಲ್ಯಾಂಡಿನವರನ್ನು ಬೈದಿದ್ದ ನಾನು ಅವತ್ತು ರಾತ್ರಿ ಏನೇನು ಅಂದೆ ಅನ್ನೋದನ್ನು ಇಲ್ಲಿ ಬರೆಯಲ್ಲ.

ಜುಲೈ 2, ಬುಧವಾರ, ಊಟದ ಹೊತ್ತಿಗೆ ಮಗನ ಜೊತೆ ಹೋದೆ. ಸಾಲಿನಲ್ಲಿದ್ದ ಹೆಚ್ಚಿನವರ ಕೈಯಲ್ಲಿ 16. ಒಬ್ಬ ಮಾತ್ರ ವೇಗಸ್ ಜೆರ್ಸಿ ತಂದು ಮಾರ್ನರ್ 16 ಹಾಕಿ ಅಂದ, ಎಲ್ಲರೂ ತಿರುಗಿ ನೋಡಿದೆವು. ಅಜ್ಜ ನಂಬರ್ ಗೊತ್ತಾಗೋ ತನಕ ಮುಟ್ಟಲ್ಲ ಅಂತ ವಾಪಸ್ ಕಳಿಸಿದರು. ಒಳ್ಳೇದೇ ಮಾಡಿದರು, ಅಲ್ಲಿ ಮಾರ್ನರ್ ತಗೊಂಡಿದ್ದು 93. ನನ್ನ ಮುಂದೆ ಒಬ್ಬ ಬಂಗಾಳಿ ಯುವಕ, ಮನೆತನದ ಹೆಸರು ರಾಯ್. ಇಂಗ್ಲಿಷ್‌ನಲ್ಲಿ ಬರೆದರೆ ರ್ವಾನೂ ರಾಯ್‌ನೂ ಒಂದೇ, ತನ್ನ ಹೆಸರೇ ಟೀಮಿಗೆ ಬಂತು ಅಂತ ಅವನಿಗೆ ಖುಷಿಯೋ ಖುಷಿ. ಮೇಲಾಗಿ ಇಲ್ಲಿ ರೇಟು ಅಕ್ಷರದ ಲೆಕ್ಕ, ಅವನದ್ದು ಮೂರೇ ಅಕ್ಷರ. ಎಕ್‌ಮನ್-ಲಾರ್ಸನ್ ಅನ್ನೋ ಆಟಗಾರನ ಹೆಸರು ಹಾಕಿಸೋರು ಹನ್ನೆರಡು ಅಕ್ಷರಕ್ಕೆ ಕೊಡ್ಬೇಕು, ನಡುವಿನ ಗೆರೆ ಫ್ರೀ.

ಕೀಳುವ ಕೆಲಸ ನೋಡೋಕೆ ಚೆನ್ನ. ಮೊದಲು ಜೆರ್ಸಿಯನ್ನು ಒಳಗಿನಿಂದ ತಿರುಗಿಸಿ, ಕೊಕ್ಕೆ ಇರೋ ಸಣ್ಣ ಚಾಕುವಿನಿಂದ ಮೂರು ಹೊಲಿಗೆಗೊಂದು ಕತ್ತರಿಸ್ತಾರೆ. ಆಮೇಲೆ ಹೊರಗಿನಿಂದ ದಾರ ಎಳೆದರೆ ಸರ್ರನೆ ಉದ್ದಕ್ಕೆ ಬರುತ್ತೆ. ಉಳಿದ ಅಂಟಿಗೆ ಬಿಸಿ ಕೊಟ್ಟು ಮೂಲೆಯಿಂದ ಮೆಲ್ಲಗೆ ಎತ್ತೋದು, ಬಾಳೆ ಎಲೆಯಿಂದ ಬಿಸಿ ಕಡುಬು ಬಿಡಿಸಿದ ಹಾಗೆ. ಅವಸರ ಮಾಡಿದರೆ ಬಟ್ಟೆ ಜಾಲರಿ ಹರಿಯುತ್ತೆ.

ಈಗ ತಕರಾರು. ಐದು ದಿನ ಅಂದವರು ಹನ್ನೊಂದು ದಿನ ಮಾಡಿದರು, ಮೂರು ಸಲ ಸುಮ್ನೆ ಓಡಾಡಿಸಿದರು. ಫೋನ್ ಎತ್ತಲ್ಲ. ಕಾರ್ಡ್ ನಡೆಯಲ್ಲ. ಅಂಟಿನ ವಾಸನೆಗೆ ತಲೆನೋವು ಗ್ಯಾರಂಟಿ. 2018ರಲ್ಲಿ ನನ್ನ ಜೆರ್ಸಿಯ ಕೊನೇ ಅಕ್ಷರ ಸ್ವಲ್ಪ ಓರೆ ಕೂತಿದೆ, ಕೇಳಿದರೆ ನೀನು ಓರೆ ನಿಂತಿದ್ದೀಯ ಅಂದರು. ಎದೆ ಮೇಲಿನ ಸಿ ತೆಗೆದ ಜಾಗದಲ್ಲಿ ಸೂಜಿ ತೂತುಗಳು ಉಳಿದಿವೆ, ಹತ್ತಿರದಿಂದ ನೋಡಿದರೆ ಕಾಣ್ತವೆ. ತೊಳೆದರೆ ಮುಚ್ಚಿಕೊಳ್ಳುತ್ತೆ ಅಂದಿದ್ದಾರೆ, ಎರಡು ಸಲ ತೊಳೆದಾಯ್ತು.

ಇಷ್ಟಾದ್ರೂ ಐದಕ್ಕೆ ನಾಲ್ಕು ಕೊಡ್ತೀನಿ. ದೊಡ್ಡ ಅಂಗಡಿಯಲ್ಲಿ ಜುಲೈ 1ರ ರಾತ್ರಿ ಆರ್ಡರ್ ಹಾಕಿದರೆ ಬೇಡ ಅನ್ನೋರು ಯಾರಿದ್ದಾರೆ? ಇಲ್ಲಿ ಒಬ್ಬರು ಬೇಡ ಅಂತಾರೆ. ಆರ್‌ಸಿಬಿ ಕಪ್ ಎತ್ತಲಿ ಅಂತ 18 ವರ್ಷ ಕಾದವನು ನಾನು, ಈ ಊರಿನವರು ಎನ್‌ಎಚ್‌ಎಲ್ ಗೆದ್ದವರಿಗೆ ಸಿಗೋ ಸ್ಟ್ಯಾನ್ಲಿ ಕಪ್‌ಗೆ 1967ರಿಂದ ಕಾಯ್ತಿದ್ದಾರೆ. ಇಂಥ ಕಡೆ ಪ್ರತಿ ಬೇಸಿಗೆ ಬಂದ ಹೊಸಬನೇ ದೇವರು ಅನ್ನಿಸೋದು ಸಹಜ.

ಮಗನ ಜೆರ್ಸಿ ವಾಪಸ್ ಬಂದಾಗ ಬೆನ್ನು ಖಾಲಿ. ಆದ್ರೆ ಅಕ್ಷರದಡಿಯ ಬಟ್ಟೆ ಬಿಸಿಲು, ನೀರು ಕಂಡಿಲ್ಲ, ಅಲ್ಲಿ ನೀಲಿ ಇನ್ನೂ ಗಾಢವಾಗಿದೆ. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಆರೂ ಅಕ್ಷರ ಓದಬಹುದು. ಇದರ ಮೇಲೆ ಯಾವ ಹೆಸರು ಹಾಕಲಿ ಅಂತ ಅಜ್ಜ ಕೇಳಿದರು. ಮಗ ಸ್ವಲ್ಪ ಹೊತ್ತು ನೋಡಿ, ಈಗ ಏನೂ ಬೇಡ ಅಂದ. ಕಿತ್ತಿದ್ದಕ್ಕೆ ಮಾತ್ರ ದುಡ್ಡು ತಗೊಂಡರು. ದಾರಿಯಲ್ಲಿ ಅದನ್ನೇ ಹಾಕ್ಕೊಂಡು ಬಂದ.

ಸೋಮವಾರ ರಜೆ. ಕ್ಯಾಶ್ ತಗೊಂಡು ಹೋಗಿ, ಗಾಡಿ ಲಾಂಡ್ರಿ ಮುಂದೆ ನಿಲ್ಲಿಸಬೇಡಿ, ಬೈತಾರೆ.